ಪ್ರಿಸಿಷನ್ ಇದ್ದ ಮಾತ್ರಕ್ಕೆ ಆಕ್ಯುರಸಿ ಇದ್ದಂತಲ್ಲ

ಮಂಜುಗಡ್ಡೆಯ ಚೂರುಗಳು ಕರಗುತ್ತಿರುವ ನೀರಿನಲ್ಲಿ ಎರಡು ಉಷ್ಣಮಾಪಕಗಳನ್ನು ಅದ್ದಿ, ಪ್ರತಿಯೊಂದನ್ನೂ ನಾಲ್ಕು ಸಲ ಓದಿದ್ದೇವೆ ಎಂದಿಟ್ಟುಕೊಳ್ಳಿ. ಮೊದಲನೆಯದು ತೋರಿಸಿದ್ದು 2.31, 2.30, 2.31, 2.31 ಡಿಗ್ರಿ ಸೆಲ್ಸಿಯಸ್. ಎರಡನೆಯದು ತೋರಿಸಿದ್ದು 0.4, ಮೈನಸ್ 0.5, 0.1, ಮೈನಸ್ 0.2. ಯಾವುದು ಒಳ್ಳೆಯ ಉಪಕರಣ? ಬರೀ ಅಂಕಿಗಳನ್ನು ನೋಡಿದವರು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ. ಎರಡು ದಶಮಾಂಶ ಸ್ಥಾನ, ಹೇಳಿದ್ದನ್ನೇ ಹೇಳುವ ಸ್ಥಿರತೆ, ತಡವರಿಕೆಯ ಸುಳಿವೇ ಇಲ್ಲ. ಎರಡನೆಯದೋ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆದರೆ ಕರಗುವ ಮಂಜುಗಡ್ಡೆಯ ಉಷ್ಣತೆ ಸೊನ್ನೆ ಡಿಗ್ರಿ ಎಂಬುದು ನಮಗೆ ಮೊದಲೇ ಗೊತ್ತು. ಹಾಗಾಗಿ ಮೊದಲನೆಯ ಉಷ್ಣಮಾಪಕ ನಾಲ್ಕು ಸಲವೂ, ಅತ್ಯಂತ ಅಚ್ಚುಕಟ್ಟಾಗಿ, ಎರಡು ಡಿಗ್ರಿಗಿಂತ ಹೆಚ್ಚಿನ ಸುಳ್ಳು ಹೇಳಿದೆ. ಎರಡನೆಯದು ತೊದಲಿದರೂ ನಿಜದ ಸುತ್ತಲೇ ಸುಳಿದಾಡಿದೆ.

ಮೊದಲನೆಯದರಲ್ಲಿ ಪ್ರಿಸಿಷನ್ ಇದೆ, ಆಕ್ಯುರಸಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಎರಡನೆಯದರ ಸ್ಥಿತಿ ಹೆಚ್ಚುಕಡಿಮೆ ಇದರ ತಿರುಗುಮುರುಗು. ದಿನಬಳಕೆಯ ಇಂಗ್ಲಿಷಿನಲ್ಲಿ ಈ ಎರಡು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಧಾರಾಳವಾಗಿ ಕುಳಿತುಕೊಳ್ಳುತ್ತವೆ. ಒಂದಕ್ಕೆ ಇನ್ನೊಂದನ್ನೇ ಸಮಾನಪದವೆಂದು ಕೊಟ್ಟು ಕೈತೊಳೆದುಕೊಳ್ಳುವ ನಿಘಂಟುಗಳೂ ಇವೆ. ಕನ್ನಡದಲ್ಲಿ ಬರೆಯುವಾಗ ನಾವೂ ಎರಡಕ್ಕೂ ‘ನಿಖರತೆ’ ಎಂದುಬಿಡುತ್ತೇವೆ. ಮಾತುಕತೆಗೆ ಇದರಿಂದ ತೊಂದರೆಯೇನಿಲ್ಲ. ಅಳೆಯುವುದನ್ನೇ ಕಸುಬಾಗಿಸಿಕೊಂಡವರಿಗೆ ಮಾತ್ರ ಇಷ್ಟು ಉದಾರವಾಗಿರಲು ಆಗುವುದಿಲ್ಲ. ಈ ಗೊಂದಲ ಅವರಿಗೆ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಮುಂದೆ ನೋಡೋಣ.

ಮೊದಲು ಅರ್ಥ. ಅಳತೆಯೊಂದು ನಿಜವಾದ ಮೌಲ್ಯಕ್ಕೆ ಎಷ್ಟು ಹತ್ತಿರದಲ್ಲಿದೆ ಎಂಬುದು ಆಕ್ಯುರಸಿ. ಅದೇ ಅಳತೆಯನ್ನು ಮತ್ತೆ ಮತ್ತೆ ಮಾಡಿದಾಗ ಸಿಗುವ ಉತ್ತರಗಳು ಒಂದಕ್ಕೊಂದು ಎಷ್ಟು ಹತ್ತಿರದಲ್ಲಿವೆ ಎಂಬುದು ಪ್ರಿಸಿಷನ್. ಆಕ್ಯುರಸಿಯಲ್ಲಿ ಅಳತೆಯನ್ನು ಲೋಕದ ಜೊತೆ ಹೋಲಿಸುತ್ತೇವೆ. ಪ್ರಿಸಿಷನ್‌ನಲ್ಲಿ ಅಳತೆಯನ್ನು ಅದರ ಜೊತೆಗೇ ಹೋಲಿಸುತ್ತೇವೆ. ಎರಡೂ ಪದಗಳು ಲ್ಯಾಟಿನ್ನಿನಿಂದ ಬಂದವು, ಅವುಗಳ ಬೇರುಗಳೂ ಸ್ವಾರಸ್ಯಕರ. ಆಕ್ಯುರೇಟ್ ಎಂಬುದರ ಒಳಗೆ ‘ಕೂರಾ’, ಅಂದರೆ ಕಾಳಜಿ, ಅಡಗಿದೆ. ಪ್ರಿಸೈಸ್ ಎಂಬುದು ಕತ್ತರಿಸು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಚೊಕ್ಕವಾಗಿ ಕತ್ತರಿಸಬಲ್ಲವರು ತಪ್ಪು ಜಾಗದಲ್ಲೂ ಚೊಕ್ಕವಾಗಿಯೇ ಕತ್ತರಿಸಬಲ್ಲರು.

ಈ ವ್ಯತ್ಯಾಸವನ್ನು ಕಲಿಸಲು ಪಠ್ಯಪುಸ್ತಕಗಳು ಒಂದು ಗುರಿಹಲಗೆಯ ಚಿತ್ರವನ್ನು ಮುದ್ರಿಸುತ್ತವೆ. ವೃತ್ತದೊಳಗೆ ವೃತ್ತ, ನಡುವೆ ಕೆಂಪು ಚುಕ್ಕೆ. ಬಾಣಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿ ನಾಟಿದ್ದರೆ ಪ್ರಿಸಿಷನ್ ಇದೆ, ಆಕ್ಯುರಸಿ ಇಲ್ಲ. ಕೇಂದ್ರದ ಸುತ್ತ ಚದುರಿದ್ದರೆ ಆಕ್ಯುರಸಿ ಇದೆ, ಪ್ರಿಸಿಷನ್ ಇಲ್ಲ. ಪರೀಕ್ಷೆಯಲ್ಲಿ ಅಂಕ ಗಳಿಸಲು ಇಷ್ಟು ಸಾಕು. ಆದರೆ ಈ ಚಿತ್ರ ಮುಖ್ಯವಾದ ಸಂಗತಿಯನ್ನೇ ಮರೆಮಾಚುತ್ತದೆ ಎಂಬುದು ನನ್ನ ತಕರಾರು. ಚಿತ್ರದಲ್ಲಿ ಕೆಂಪು ಚುಕ್ಕೆ ಎಲ್ಲರಿಗೂ ಕಾಣುತ್ತದೆ. ನಿಜವಾದ ಅಳತೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಕೇಂದ್ರ ಎಲ್ಲಿದೆಯೆಂದು ಮೊದಲೇ ಗೊತ್ತಿದ್ದರೆ ಅಳೆಯುವ ಅಗತ್ಯವಾದರೂ ಏನಿತ್ತು? ಹಲಗೆಯ ಮೇಲಿನ ವೃತ್ತಗಳನ್ನೆಲ್ಲ ಅಳಿಸಿ, ಬಾಣಗಳನ್ನು ಮಾತ್ರ ಬಿಟ್ಟು ನೋಡಿ. ಆಗ ಉಳಿಯುವುದು ಗುಂಪು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬ ಮಾಹಿತಿಯೊಂದೇ.

ಈ ಎರಡು ಪದಗಳ ನಡುವಿನ ನಿಜವಾದ ಅಂತರ ಇಲ್ಲಿದೆ. ಪ್ರಿಸಿಷನ್ ಎಷ್ಟಿದೆ ಎಂಬುದನ್ನು ಒಂದೇ ಕೋಣೆಯಲ್ಲಿ, ಒಂದೇ ಉಪಕರಣ ಹಿಡಿದು, ಯಾರ ನೆರವೂ ಇಲ್ಲದೆ ಕಂಡುಕೊಳ್ಳಬಹುದು: ಮತ್ತೆ ಮತ್ತೆ ಅಳೆದರೆ ಸಾಕು. ಆಕ್ಯುರಸಿಯನ್ನು ಹಾಗೆ ಒಳಗಿನಿಂದ ಕಂಡುಕೊಳ್ಳಲಾಗದು. ಅದಕ್ಕೆ ಹೊರಗಿನ ಸಾಕ್ಷಿಯೊಂದು ಬೇಕೇ ಬೇಕು: ಕರಗುವ ಮಂಜುಗಡ್ಡೆಯಂಥ ಒಂದು ಆಧಾರ, ಬೇರೆ ತತ್ತ್ವದ ಮೇಲೆ ಕೆಲಸ ಮಾಡುವ ಇನ್ನೊಂದು ಉಪಕರಣ ಅಥವಾ ಬೇರೆ ದಾರಿಯಿಂದ ಅದೇ ಉತ್ತರದ ಬಳಿಗೆ ಹೊರಟ ಇನ್ನೊಂದು ತಂಡ.

ಅತಿ ನುಣುಪಾದ ತಪ್ಪು

ಹಬಲ್ ಬಾಹ್ಯಾಕಾಶ ದೂರದರ್ಶಕದ ಕಥೆ ಬಹಳ ಜನರಿಗೆ ಗೊತ್ತು. ಆದರೆ ಅದನ್ನು ಸಾಮಾನ್ಯವಾಗಿ ‘ಕನ್ನಡಿ ಕೆಟ್ಟಿತ್ತು’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಕನ್ನಡಿ ಕೆಟ್ಟಿದ್ದ ರೀತಿ ಸಾಮಾನ್ಯವಾದುದಲ್ಲ.

2.4 ಮೀಟರ್ ವ್ಯಾಸದ ಆ ಮುಖ್ಯ ಕನ್ನಡಿಯನ್ನು ಅಮೆರಿಕದ ಪರ್ಕಿನ್ ಎಲ್ಮರ್ ಕಂಪನಿ ಉಜ್ಜಿ ಸಿದ್ಧಗೊಳಿಸಿತು. ಉಜ್ಜುವ ಕೆಲಸ 1981ರಲ್ಲಿ ಮುಗಿಯಿತು. ಮೇಲ್ಮೈಯ ನಯವನ್ನು ಸುಮಾರು 10 ನ್ಯಾನೋಮೀಟರುಗಳಷ್ಟು ಸೂಕ್ಷ್ಮ ಮಟ್ಟಕ್ಕೆ ತರಲಾಗಿತ್ತು. ಅಲ್ಲಿಯವರೆಗೆ ತಯಾರಾಗಿದ್ದ ಅತಿ ನುಣುಪಾದ ದೊಡ್ಡ ಕನ್ನಡಿಗಳಲ್ಲಿ ಅದೂ ಒಂದು. 1990ರ ಏಪ್ರಿಲ್ 24ರಂದು ದೂರದರ್ಶಕ ಆಕಾಶಕ್ಕೇರಿತು. ಜೂನ್ ಹೊತ್ತಿಗೆ ಚಿತ್ರಗಳು ಮಸುಕಾಗಿವೆ, ಎಷ್ಟು ತಿದ್ದಿದರೂ ಸರಿಹೋಗುತ್ತಿಲ್ಲ ಎಂಬುದು ಬಹಿರಂಗವಾಯಿತು. ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು 2.2 ಮೈಕ್ರೋಮೀಟರಿನಷ್ಟು ಚಪ್ಪಟೆಯಾಗಿತ್ತು. ಇದು ಕೂದಲೆಳೆಯ ದಪ್ಪದ ಸಣ್ಣದೊಂದು ಭಾಗ, ಆದರೂ ನಯದ ಲೆಕ್ಕ ಹಿಡಿದಿದ್ದ 10 ನ್ಯಾನೋಮೀಟರಿನ ಇನ್ನೂರು ಪಟ್ಟಿಗೂ ಹೆಚ್ಚು. ಕನ್ನಡಿ ಒರಟಾಗಿರಲಿಲ್ಲ. ಅದು ತಪ್ಪು ಆಕಾರದಲ್ಲಿ ಪರಿಪೂರ್ಣವಾಗಿತ್ತು.

ಹೀಗಾದದ್ದು ಹೇಗೆ? ಉಜ್ಜುವವರು ಕನ್ನಡಿಯ ಆಕಾರವನ್ನು ‘ನಲ್ ಕರೆಕ್ಟರ್’ ಎಂಬ ಉಪಕರಣದಿಂದ ಆಗಾಗ ಪರೀಕ್ಷಿಸುತ್ತಿದ್ದರು. ಅದರೊಳಗಿನ ಮಸೂರವೊಂದು ಇರಬೇಕಾದ ಜಾಗದಿಂದ 1.3 ಮಿಲಿಮೀಟರ್ ಸರಿದು ಕೂತಿತ್ತು. ಮಸೂರವನ್ನು ಸರಿಯಾದ ದೂರದಲ್ಲಿ ನಿಲ್ಲಿಸಲು ಒಂದು ಅಳತೆಕೋಲಿನ ತುದಿಗೆ ಲೇಸರ್ ಕಿರಣವನ್ನು ಬಿಟ್ಟು ನೋಡುತ್ತಿದ್ದರು. ಕೋಲಿನ ತುದಿಗೆ ಒಂದು ಟೊಪ್ಪಿಗೆಯಿತ್ತು, ಅದಕ್ಕೆ ಬೆಳಕನ್ನು ಪ್ರತಿಫಲಿಸದ ಬಣ್ಣ ಬಳಿದಿದ್ದರು. ಬಣ್ಣ ಒಂದೆಡೆ ಕಿತ್ತು ಹೋಗಿದ್ದರಿಂದ ಲೇಸರ್ ಕೋಲಿನ ತುದಿಯ ಬದಲು ಟೊಪ್ಪಿಗೆಗೇ ತಾಗಿ ಮರಳಿತು. ಅಷ್ಟೇ. ಅಲ್ಲಿಂದ ಮುಂದೆ ಕನ್ನಡಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ಉಪಕರಣ ಒಂದೇ ಉತ್ತರ ಕೊಟ್ಟಿತು. ಉಜ್ಜುವವರು ಆ ಉತ್ತರವನ್ನು ನಂಬಿ, ಶ್ರದ್ಧೆಯಿಂದ, ತಪ್ಪಿನ ಕಡೆಗೇ ಕನ್ನಡಿಯನ್ನು ತಿದ್ದುತ್ತಾ ಹೋದರು.

ನನಗೆ ಅತ್ಯಂತ ಕಹಿಯೆನಿಸುವ ಭಾಗ ಆ ಬಣ್ಣದ ಚಕ್ಕೆಯಲ್ಲ. ಬೇರೆ ಬಗೆಯ ಇನ್ನೆರಡು ಪರೀಕ್ಷಾ ಉಪಕರಣಗಳು ಅದೇ ಕಾರ್ಖಾನೆಯಲ್ಲಿ ಇದ್ದವು, ಅವು ಎರಡೂ ದೋಷವನ್ನು ತೋರಿಸಿದ್ದವು. ಅವುಗಳ ಮಾತನ್ನು ಬದಿಗೆ ಸರಿಸಲಾಯಿತು. ಮುಖ್ಯ ಉಪಕರಣ ಅವುಗಳಿಗಿಂತ ಹೆಚ್ಚು ಸೂಕ್ಷ್ಮವಾದದ್ದು, ಆದ್ದರಿಂದ ಅದೇ ಸರಿಯಿರಬೇಕು ಎಂಬುದು ಕೊಟ್ಟ ಕಾರಣ. ಹೆಚ್ಚು ಪ್ರಿಸಿಷನ್ ಇದ್ದಲ್ಲಿ ಹೆಚ್ಚು ಆಕ್ಯುರಸಿಯೂ ಇರುತ್ತದೆ ಎಂಬ ಭಾವನೆ ಆ ಒಂದು ವಾದದೊಳಗೆ ಸದ್ದಿಲ್ಲದೆ ನುಸುಳಿಕೊಂಡಿತ್ತು. ಹೊರಗಿನ ಸಾಕ್ಷಿಗಳು ಬಾಗಿಲಲ್ಲೇ ನಿಂತಿದ್ದರೂ ಅವರನ್ನು ಒಳಗೆ ಬಿಡಲಿಲ್ಲ. ಈ ದೋಷದ ಕಾರಣ ಹುಡುಕಲು ನಾಸಾ ನೇಮಿಸಿದ ತನಿಖಾ ಮಂಡಳಿ 1990ರ ನವೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಇದೆಲ್ಲ ದಾಖಲಾಗಿದೆ.

ಕಥೆಗೆ ಇನ್ನೊಂದು ಮಗ್ಗುಲಿದೆ, ಅದು ಪ್ರಿಸಿಷನ್‌ನ ಪರವಾಗಿದೆ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ದೂರದರ್ಶಕಕ್ಕೆ ತಿದ್ದುವ ದೃಗುಪಕರಣಗಳನ್ನು ಅಳವಡಿಸಿದರು. ಅದೇ ತಪ್ಪನ್ನು ತಿರುಗುಮುರುಗಾಗಿ ಕೆತ್ತಿದ ಪುಟ್ಟ ಕನ್ನಡಿಗಳು ಅವುಗಳಲ್ಲಿದ್ದವು. ಚಿತ್ರಗಳು ಸ್ಫುಟವಾದವು. ಇದು ಸಾಧ್ಯವಾದದ್ದು ಮೂಲ ತಪ್ಪು ಅಷ್ಟೊಂದು ನಿಯತವಾಗಿದ್ದರಿಂದ. ಕನ್ನಡಿಯ ಮೇಲ್ಮೈ ಅಲ್ಲಲ್ಲಿ ಉಬ್ಬುತಗ್ಗಾಗಿ ಕೆಟ್ಟಿದ್ದರೆ ಅದಕ್ಕೆ ತಕ್ಕ ಕನ್ನಡಕ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ.

ಎರಡು ಬಗೆಯ ದೋಷ

ಅಳತೆಯ ಶಾಸ್ತ್ರ ಈ ಭೇದವನ್ನು ದೋಷಗಳ ಭಾಷೆಯಲ್ಲಿ ಹೇಳುತ್ತದೆ. ಒಂದು ಯಾದೃಚ್ಛಿಕ ದೋಷ: ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಯಾವಾಗ ಯಾವ ಕಡೆ ಎಂದು ಹೇಳಲಾಗದು. ಇದು ಪ್ರಿಸಿಷನ್ ಅನ್ನು ಹಾಳುಮಾಡುತ್ತದೆ. ಇನ್ನೊಂದು ವ್ಯವಸ್ಥಿತ ದೋಷ: ಸದಾ ಒಂದೇ ಕಡೆಗೆ, ಸುಮಾರು ಒಂದೇ ಪ್ರಮಾಣದಲ್ಲಿ. ಇದು ಪ್ರಿಸಿಷನ್ ಅನ್ನು ಮುಟ್ಟದೆ ಆಕ್ಯುರಸಿಯನ್ನು ಕೆಡಿಸುತ್ತದೆ. ಮೊದಲನೆಯದಕ್ಕೆ ಔಷಧ ತಾಳ್ಮೆ. ಅಳತೆಗಳನ್ನು ಹೆಚ್ಚಿಸಿ ಸರಾಸರಿ ತೆಗೆದರೆ ಚದುರುವಿಕೆ ಅಳತೆಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ: ನಾಲ್ಕು ಪಟ್ಟು ಅಳೆದರೆ ಅರ್ಧ, ನೂರು ಪಟ್ಟು ಅಳೆದರೆ ಹತ್ತನೆಯ ಒಂದು ಭಾಗ. ಎರಡನೆಯದಕ್ಕೆ ತಾಳ್ಮೆಯಿಂದ ಪ್ರಯೋಜನವಿಲ್ಲ. ಎರಡು ಡಿಗ್ರಿ ಹೆಚ್ಚು ತೋರಿಸುವ ಉಷ್ಣಮಾಪಕವನ್ನು ಲಕ್ಷ ಸಲ ಓದಿ ಸರಾಸರಿ ತೆಗೆದರೂ ಸಿಗುವುದು ಎರಡು ಡಿಗ್ರಿ ಹೆಚ್ಚಾದ ಉತ್ತರವೇ. ಬದಲಾಗುವುದು ನಮ್ಮ ಆತ್ಮವಿಶ್ವಾಸ ಮಾತ್ರ.

ಇದಕ್ಕೆ ಹಬಲ್‌ಗಿಂತಲೂ ತೀಕ್ಷ್ಣವಾದ ಉದಾಹರಣೆ 2011ರಲ್ಲಿ ಸಿಕ್ಕಿತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಹೊರಟ, ಕಲ್ಲುಮಣ್ಣನ್ನೂ ಸಲೀಸಾಗಿ ತೂರಿಹೋಗುವ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳು ಸುಮಾರು 730 ಕಿಲೋಮೀಟರ್ ನೆಲದಡಿ ಸಾಗಿ ಇಟಲಿಯ ಗ್ರಾನ್ ಸಾಸೋ ಪರ್ವತದೊಳಗಿನ ಪ್ರಯೋಗಾಲಯವನ್ನು ತಲುಪುತ್ತಿದ್ದವು. ಆಪರಾ ಎಂಬ ಪ್ರಯೋಗದ ತಂಡ ಆ ಪ್ರಯಾಣದ ಸಮಯವನ್ನು ಅಳೆಯಿತು. ಬೆಳಕು ತಲುಪಬೇಕಾದ ಹೊತ್ತಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ಕಣಗಳು ಬಂದಿವೆ ಎಂದು ಉತ್ತರ ಬಂತು. ದೂರವನ್ನು 20 ಸೆಂಟಿಮೀಟರುಗಳೊಳಗೆ ಅಳೆದಿದ್ದರು. ಗಡಿಯಾರಗಳನ್ನು ನ್ಯಾನೋಸೆಕೆಂಡುಗಳ ಮಟ್ಟದಲ್ಲಿ ಹೊಂದಿಸಿದ್ದರು. ಮೂರು ವರ್ಷಗಳಲ್ಲಿ ಸಂಗ್ರಹಿಸಿದ ಹದಿನೈದು ಸಾವಿರಕ್ಕೂ ಹೆಚ್ಚು ಕಣಗಳ ದತ್ತಾಂಶವಿತ್ತು. ಅಂದಾಜಿಸಿದ ಅನಿಶ್ಚಿತತೆ ಸುಮಾರು 10 ನ್ಯಾನೋಸೆಕೆಂಡ್, ಕಂಡದ್ದು ಅದರ ಆರು ಪಟ್ಟು. ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ.

ತಂಡ ಎಚ್ಚರಿಕೆಯಿಂದಲೇ ನಡೆದುಕೊಂಡಿತು ಎಂಬುದನ್ನು ಹೇಳಲೇಬೇಕು. ಬೆಳಕಿಗಿಂತ ವೇಗವಾದದ್ದನ್ನು ಕಂಡೆವೆಂದು ಅವರು ಜಂಭ ಕೊಚ್ಚಲಿಲ್ಲ, ತಪ್ಪು ಹುಡುಕಿಕೊಡಿ ಎಂದು ಲೋಕವನ್ನೇ ಕೇಳಿದರು. ಆ ವರ್ಷದ ಕೊನೆಯಲ್ಲಿ ಪ್ರಯೋಗವನ್ನು ಮರುವಿನ್ಯಾಸಗೊಳಿಸಿ, ತೀರಾ ಚಿಕ್ಕ ಕಣಗುಚ್ಛಗಳನ್ನು ಕಳುಹಿಸಿ ಮತ್ತೆ ಅಳೆದರು. ಅದೇ ಉತ್ತರ, ಮತ್ತೆ ಸುಮಾರು 60 ನ್ಯಾನೋಸೆಕೆಂಡ್. ಪುನರಾವರ್ತನೆಯಾದರೆ ನಂಬಬಹುದು ಎಂಬುದು ವಿಜ್ಞಾನದ ಬಗ್ಗೆ ನಾವೆಲ್ಲ ಕಲಿತ ಮೊದಲ ಪಾಠ. ಇಲ್ಲಿ ಪುನರಾವರ್ತನೆಯಾಯಿತು, ಉತ್ತರ ಮಾತ್ರ ತಪ್ಪೇ ಆಗಿತ್ತು. 2012ರ ಆರಂಭದಲ್ಲಿ ಕಾರಣ ಸಿಕ್ಕಿತು: ಸಮಯದ ಸಂಕೇತವನ್ನು ಹೊತ್ತು ತರುವ ಫೈಬರ್ ಕೇಬಲ್‌ನ ಜೋಡಣೆ ಸರಿಯಾಗಿ ಬಿಗಿಯಾಗಿರಲಿಲ್ಲ, ಜೊತೆಗೆ ಗಡಿಯಾರದ ಭಾಗವೊಂದರಲ್ಲೂ ಸಣ್ಣ ದೋಷವಿತ್ತು. ಕಣಗುಚ್ಛಗಳನ್ನು ಬದಲಿಸಿದ್ದರು, ಕೇಬಲ್ ಹಳೆಯದೇ ಇತ್ತು. ಅದೇ ಪರ್ವತದೊಳಗೆ ತನ್ನದೇ ಸಲಕರಣೆಗಳೊಂದಿಗೆ ಕೆಲಸ ಮಾಡುತ್ತಿದ್ದ ಇಕಾರಸ್ ಎಂಬ ಇನ್ನೊಂದು ತಂಡ ಅಳೆದಾಗ ಕಣಗಳು ಬೆಳಕಿನ ವೇಗವನ್ನು ಮೀರುತ್ತಿಲ್ಲ ಎಂಬುದು ಖಚಿತವಾಯಿತು.

ಎರವಲು ತಂದ ಅಂಕಿಯಿಂದಲೂ ಇಂಥ ದೋಷ ಒಳಬರುತ್ತದೆ. ರಾಬರ್ಟ್ ಮಿಲಿಕನ್ ಎಣ್ಣೆಯ ಹನಿಗಳನ್ನು ತೇಲಿಸಿ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಮೌಲ್ಯ ಈಗಿನದಕ್ಕಿಂತ ಸುಮಾರು ಶೇಕಡ 0.6ರಷ್ಟು ಕಡಿಮೆ. ತಾನು ತಪ್ಪಿರಬಹುದೆಂದು ಅವರು ಕೊಟ್ಟಿದ್ದ ಅವಕಾಶ ಅದಕ್ಕಿಂತ ಬಹಳ ಕಿರಿದು. ಅವರ ಕೈಚಳಕದಲ್ಲಿ ಕೊರತೆಯಿರಲಿಲ್ಲ. ಲೆಕ್ಕದಲ್ಲಿ ಬಳಸಿದ ಗಾಳಿಯ ಸ್ನಿಗ್ಧತೆಯ, ಅಂದರೆ ಹನಿಯ ಚಲನೆಗೆ ಗಾಳಿ ಒಡ್ಡುವ ತಡೆಯ, ಮೌಲ್ಯ ತುಸು ತಪ್ಪಾಗಿತ್ತು, ಅದು ಪ್ರತಿಯೊಂದು ಹನಿಯ ಲೆಕ್ಕವನ್ನೂ ಒಂದೇ ದಿಕ್ಕಿಗೆ ಎಳೆಯಿತು.

ದಶಮಾಂಶಗಳ ಮೋಡಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮತ್ತೆ ಮತ್ತೆ ಅಳೆಯುವ ಪ್ರಿಸಿಷನ್‌ನ ಮಾತು. ಈ ಪದಕ್ಕೆ ಇನ್ನೊಂದು ನೆರೆಯ ಅರ್ಥವಿದೆ: ಒಂದು ಸಂಖ್ಯೆಯನ್ನು ಎಷ್ಟು ಅಂಕಿಗಳವರೆಗೆ ಹೇಳುತ್ತೇವೆ ಎಂಬುದು. ಜನರನ್ನು ದಿನವೂ ಮೋಸಗೊಳಿಸುವುದು ಇದೇ.

ಎವರೆಸ್ಟ್ ಶಿಖರದ ಎತ್ತರವನ್ನು 1856ರಲ್ಲಿ 29,002 ಅಡಿ ಎಂದು ಘೋಷಿಸಲಾಯಿತು. ಆ ಎರಡು ಅಡಿಯ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಲೆಕ್ಕ ಹಾಕಿದಾಗ ಬಂದ ಸರಾಸರಿ ಸರಿಯಾಗಿ 29,000 ಅಡಿಯಂತೆ. ಅಷ್ಟು ಗುಂಡಾದ ಸಂಖ್ಯೆಯನ್ನು ಹೇಳಿದರೆ ಜನ ಇದನ್ನು ಅಂದಾಜು ಎಂದುಕೊಂಡಾರು ಎಂಬ ಅಳುಕಿನಿಂದ ಭಾರತದ ಸರ್ವೇಕ್ಷಣೆಯ ಮುಖ್ಯಸ್ಥ ಆಂಡ್ರ್ಯೂ ವಾ ಎರಡು ಅಡಿ ಸೇರಿಸಿದರಂತೆ. ಕಥೆ ನಿಜವಿರಲಿ ಬಿಡಲಿ, ಅದು ಹಿಡಿದಿರುವ ಮನೋಧರ್ಮ ನಿಜ. ನುಣ್ಣನೆಯ ಸಂಖ್ಯೆಯನ್ನು ನಾವು ಅನುಮಾನಿಸುತ್ತೇವೆ, ಮೊನೆಯಿರುವ ಸಂಖ್ಯೆಯನ್ನು ನಂಬುತ್ತೇವೆ. ನೇಪಾಳ ಮತ್ತು ಚೀನಾ 2020ರಲ್ಲಿ ಜಂಟಿಯಾಗಿ ಪ್ರಕಟಿಸಿದ ಎತ್ತರ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ಹಾಗಾಗಿ ಆ ಎರಡು ಅಡಿಯನ್ನು ಕೈಯಿಂದ ಸೇರಿಸಿದ್ದೇ ಹೌದಾದರೆ, ಅದು ಉತ್ತರವನ್ನು ನಿಜಕ್ಕೆ ಎರಡು ಅಡಿ ಹತ್ತಿರ ತಂದಿತು ಎಂಬುದು ಈ ಕಥೆಯ ತಮಾಷೆ.

ಮನುಷ್ಯನ ದೇಹದ ಉಷ್ಣತೆಯ ವಿಷಯದಲ್ಲಿ ಯಾರೂ ಏನನ್ನೂ ಸೇರಿಸಲಿಲ್ಲ, ಮೋಸ ತಾನಾಗಿಯೇ ನಡೆಯಿತು. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಶ್ 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆರೋಗ್ಯವಂತರ ಸರಾಸರಿಯನ್ನು 37 ಡಿಗ್ರಿ ಸೆಲ್ಸಿಯಸ್ ಎಂದರು. 37 ಎಂಬ ಸಂಖ್ಯೆ ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುತ್ತದೆ: ಸುಮಾರಾಗಿ ಇಷ್ಟು, ತುಸು ಆಚೀಚೆ. ಅದನ್ನು ಫ್ಯಾರನ್‌ಹೀಟ್‌ಗೆ ಬದಲಾಯಿಸಿದರೆ 98.6 ಬರುತ್ತದೆ. ಲೆಕ್ಕ ಸರಿಯೇ. ಆದರೆ ಆ ‘ಬಿಂದು ಆರು’ ಎಲ್ಲಿಂದ ಬಂತು? ಅಳತೆಯಿಂದಲ್ಲ, ಗುಣಾಕಾರದಿಂದ. ಅಷ್ಟಾದರೂ 98.6 ಎಂಬುದು ದೇಹಕ್ಕೆ ಪ್ರಕೃತಿಯೇ ಗೀಚಿಕೊಟ್ಟ ಗೆರೆಯೆಂಬಂತೆ ತಲೆಮಾರುಗಳವರೆಗೆ ಉಳಿಯಿತು. ಗೆರೆಯಿಂದ ಅರ್ಧ ಡಿಗ್ರಿ ಮೇಲಿದ್ದರೆ ಗಾಬರಿ, ಕೆಳಗಿದ್ದರೆ ಅಚ್ಚರಿ. 1992ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಆರೋಗ್ಯವಂತ ವಯಸ್ಕರ ಸರಾಸರಿ 36.8 ಡಿಗ್ರಿ ಸೆಲ್ಸಿಯಸ್ ಎಂದು ಬಂತು. ಜೊತೆಗೆ ದೇಹದ ಉಷ್ಣತೆ ಬೆಳಗ್ಗೆ ಕಡಿಮೆ, ಸಂಜೆ ಹೆಚ್ಚು ಇರುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೂ ಬದಲಾಗುತ್ತದೆ. ಒಂದು ದಶಮಾಂಶ ಸ್ಥಾನಕ್ಕೆ ತಕ್ಕ ನೆಲವೇ ಅಲ್ಲಿಲ್ಲ.

ಮೊಬೈಲಿನ ನಕ್ಷೆಯೂ ಇದೇ ಜಾತಿಯದು. ಅಕ್ಷಾಂಶವನ್ನು ಅದು ಆರು ದಶಮಾಂಶ ಸ್ಥಾನಗಳವರೆಗೆ ತೋರಿಸಬಲ್ಲದು. ಆರನೆಯ ಸ್ಥಾನದ ಒಂದು ಅಂಕಿಯೆಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಆದರೆ ತೆರೆದ ಆಕಾಶದ ಕೆಳಗೂ ಸಾಮಾನ್ಯ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಇರುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಕೊನೆಯ ಅಂಕಿಗಳು ಬರೀ ಅಲಂಕಾರ. ನಕ್ಷೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ನೀಲಿ ಚುಕ್ಕೆಯ ಸುತ್ತ ತೆಳುನೀಲಿ ವೃತ್ತವೊಂದನ್ನು ಎಳೆದು, ‘ನೀವು ಇದರೊಳಗೆ ಎಲ್ಲೋ ಇದ್ದೀರಿ’ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಅಂಕಿಗಳಿಗಿಂತ ಆ ವೃತ್ತ ಪ್ರಾಮಾಣಿಕ.

ಅಳತೆಯೇ ಇಲ್ಲದ ಶುದ್ಧ ಗಣಿತದಲ್ಲೂ ಇದು ತಪ್ಪಿದ್ದಲ್ಲ. ವಿಲಿಯಂ ಶಾಂಕ್ಸ್ ಎಂಬ ಇಂಗ್ಲೆಂಡಿನ ಉತ್ಸಾಹಿ ಕೈಲೆಕ್ಕದಿಂದ ಪೈ ಮೌಲ್ಯವನ್ನು 707 ದಶಮಾಂಶ ಸ್ಥಾನಗಳವರೆಗೆ ಬೆಳೆಸಿ 1873ರಲ್ಲಿ ಪ್ರಕಟಿಸಿದರು. 528ನೆಯ ಸ್ಥಾನದಿಂದ ಮುಂದಿನದೆಲ್ಲ ತಪ್ಪೆಂದು ಗೊತ್ತಾದದ್ದು 1940ರ ದಶಕದಲ್ಲಿ, ಇನ್ನೊಬ್ಬರು ಬೇರೆ ಸೂತ್ರದಿಂದ ಲೆಕ್ಕ ಹಾಕಿದಾಗ. ಇಲ್ಲೂ ಬೇರೆ ದಾರಿಯೇ ಬೇಕಾಯಿತು.

ಮಾತಿನ ಲೋಕಕ್ಕೂ ಇದು ಹೊಂದುತ್ತದೆ. ‘ಅವರು ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದರು’ ಎಂಬುದರಲ್ಲಿ ಆಕ್ಯುರಸಿಗೆ ಕೊರತೆಯಿಲ್ಲ, ಪ್ರಿಸಿಷನ್ ಮಾತ್ರ ಏನೂ ಸಾಲದು. ಹುಟ್ಟಿದ ವರ್ಷ, ತಿಂಗಳು, ಗಳಿಗೆಯನ್ನೆಲ್ಲ ಹೇಳಿ ಅದೆಲ್ಲವೂ ತಪ್ಪಾಗಿದ್ದರೆ ಪ್ರಿಸಿಷನ್ ಇದೆ, ಆಕ್ಯುರಸಿ ಇಲ್ಲ. ನುರಿತ ಸುಳ್ಳುಗಾರರು ವಿವರಗಳನ್ನು ಧಾರಾಳವಾಗಿ ಕೊಡುವುದು ಇದೇ ಕಾರಣಕ್ಕೆ. ಹಾಗಾಗಿ ಇಂಗ್ಲಿಷ್ ಬರೆಯುವಾಗ ಎರಡರಲ್ಲಿ ಯಾವ ಪದ ಎಂದು ಅನುಮಾನ ಬಂದರೆ ಕೇಳಿಕೊಳ್ಳಬೇಕಾದದ್ದು ಸುಲಭ: ನಿಜಕ್ಕೆ ತಾಳೆಯಾಗುತ್ತದೆಯೇ ಎಂಬುದು ವಿಷಯವಾದರೆ ಆಕ್ಯುರೇಟ್, ಎಷ್ಟು ಬಿಡಿಸಿ, ಎಷ್ಟು ಗಡಿ ಕೊರೆದು ಹೇಳಿದ್ದಾರೆ ಎಂಬುದು ವಿಷಯವಾದರೆ ಪ್ರಿಸೈಸ್. ವರದಿ, ಅನುವಾದ, ಮುನ್ಸೂಚನೆಗಳು ಆಕ್ಯುರೇಟ್ ಆಗಿರಬೇಕು. ಸೂಚನೆ, ವ್ಯಾಖ್ಯೆ, ಕಾನೂನಿನ ವಾಕ್ಯಗಳು ಪ್ರಿಸೈಸ್ ಆಗಿರಬೇಕು. ಆಜ್ಞೆಯೊಂದು ಆಕ್ಯುರೇಟ್ ಆಗಿದೆ ಎಂಬ ಮಾತಿಗೆ ಅರ್ಥವೇ ಇಲ್ಲ, ಏಕೆಂದರೆ ಅದು ಯಾವ ನಿಜವನ್ನೂ ವರ್ಣಿಸುತ್ತಿಲ್ಲ.

ಪಂಡಿತರ ತಿದ್ದುಪಡಿ, ಕಂಪ್ಯೂಟರಿನ ಗೊಂದಲ

ಇಷ್ಟು ಹೇಳಿದ ಮೇಲೆ ಒಂದು ತೊಡಕನ್ನೂ ಒಪ್ಪಿಸಬೇಕು. ಅಳತೆಯ ಅಧಿಕೃತ ಪರಿಭಾಷೆ ಇತ್ತೀಚಿನ ದಶಕಗಳಲ್ಲಿ ತುಸು ಜರುಗಿದೆ. 1994ರಲ್ಲಿ ಬಂದ, ಅಂತರರಾಷ್ಟ್ರೀಯ ಮಾನದಂಡಗಳ ಸಂಸ್ಥೆಯ ಐಎಸ್‌ಒ 5725 ಮಾನದಂಡ ಮೂರನೆಯ ಪದವೊಂದನ್ನು ನಡುವೆ ತಂದಿತು: ಟ್ರೂನೆಸ್. ಬಹಳ ಅಳತೆಗಳ ಸರಾಸರಿ ನಿಜಕ್ಕೆ ಎಷ್ಟು ಹತ್ತಿರವಿದೆ ಎಂಬುದು ಟ್ರೂನೆಸ್. ಟ್ರೂನೆಸ್ ಮತ್ತು ಪ್ರಿಸಿಷನ್ ಎರಡೂ ಸೇರಿದರೆ ಮಾತ್ರ ಆಕ್ಯುರಸಿ. ಈ ಲೆಕ್ಕದಲ್ಲಿ ಗುರಿಹಲಗೆಯ ಕೇಂದ್ರದ ಸುತ್ತ ಚದುರಿದ ಬಾಣಗಳಿಗೆ ಟ್ರೂನೆಸ್ ಇದೆಯೇ ಹೊರತು ಆಕ್ಯುರಸಿ ಇಲ್ಲ. ಯೋಚಿಸಿದರೆ ಇದು ನ್ಯಾಯವೇ. ಒಂದೇ ಒಂದು ಬಾಣ ಬಿಡುವ ಅವಕಾಶವಿದ್ದಾಗ ನೂರು ಬಾಣಗಳ ಸರಾಸರಿ ಚೆನ್ನಾಗಿದೆ ಎಂಬ ಸಮಾಧಾನದಿಂದ ಏನು ಪ್ರಯೋಜನ? ಅಳತೆಶಾಸ್ತ್ರದ ಅಂತರರಾಷ್ಟ್ರೀಯ ಪದಕೋಶದ 2008ರ ಆವೃತ್ತಿಯಂತೂ ಆಕ್ಯುರಸಿ ಎಂಬುದು ಅಂಕಿಯಲ್ಲಿ ಹೇಳುವ ಪರಿಮಾಣವೇ ಅಲ್ಲ ಎನ್ನುತ್ತದೆ. ಅಳತೆ ಹೆಚ್ಚು ಆಕ್ಯುರೇಟ್ ಅಥವಾ ಕಡಿಮೆ ಆಕ್ಯುರೇಟ್ ಎನ್ನಬಹುದು, ‘ಇಷ್ಟು ಆಕ್ಯುರಸಿ’ ಎನ್ನುವಂತಿಲ್ಲ. ಜಾಹೀರಾತು ಬರೆಯುವವರ ಕಿವಿಗೆ ಇದಿನ್ನೂ ಬಿದ್ದಂತಿಲ್ಲ.

ಯಂತ್ರಕಲಿಕೆಯ, ಅಂದರೆ ದತ್ತಾಂಶದಿಂದ ಕಲಿಯುವಂತೆ ಕಂಪ್ಯೂಟರನ್ನು ಪಳಗಿಸುವ ಮಷೀನ್ ಲರ್ನಿಂಗ್ ಕ್ಷೇತ್ರದ, ಜನರು ಇವೇ ಪದಗಳನ್ನು ಎತ್ತಿಕೊಂಡು ಬೇರೆಯದೇ ಅರ್ಥ ಕೊಟ್ಟಿದ್ದಾರೆ. ಸಾವಿರ ಜನರಲ್ಲಿ ಹತ್ತು ಮಂದಿಗೆ ಒಂದು ಕಾಯಿಲೆಯಿದೆ ಎಂದುಕೊಳ್ಳಿ. ‘ಯಾರಿಗೂ ಕಾಯಿಲೆಯಿಲ್ಲ’ ಎಂದು ಕಣ್ಣುಮುಚ್ಚಿ ಹೇಳುವ ಪ್ರೋಗ್ರಾಮ್ 990 ಮಂದಿಯ ವಿಷಯದಲ್ಲಿ ಸರಿ, ಹಾಗಾಗಿ ಅದರ ಆಕ್ಯುರಸಿ ಶೇಕಡ 99. ಇನ್ನೊಂದು ಪ್ರೋಗ್ರಾಮ್ ಇಪ್ಪತ್ತು ಜನರನ್ನು ಗುರುತಿಸಿ ಕಾಯಿಲೆಯಿದೆ ಎಂದಿತು, ಅವರಲ್ಲಿ ಎಂಟು ಮಂದಿಗೆ ನಿಜವಾಗಿಯೂ ಇತ್ತು. ಇದು ಹನ್ನೆರಡು ಮಂದಿಯನ್ನು ಸುಮ್ಮನೆ ಹೆದರಿಸಿತು, ಇಬ್ಬರನ್ನು ಕೈಬಿಟ್ಟಿತು, ಉಳಿದ 986 ಸರಿ. ಆಕ್ಯುರಸಿ ಶೇಕಡ 98.6. ಫ್ಯಾರನ್‌ಹೀಟ್ ಸಂಖ್ಯೆಗೂ ಇದಕ್ಕೂ ನಂಟಿಲ್ಲ, ಲೆಕ್ಕ ಹಾಗೆ ಬಂತು. ಎಂಟು ರೋಗಿಗಳನ್ನು ಪತ್ತೆಹಚ್ಚಿದ ಪ್ರೋಗ್ರಾಮಿನ ಆಕ್ಯುರಸಿ ಏನನ್ನೂ ಮಾಡದ ಪ್ರೋಗ್ರಾಮಿಗಿಂತ ಕಡಿಮೆ! ಆದ್ದರಿಂದಲೇ ಅವರು ಪ್ರಿಸಿಷನ್ ಅನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ: ಗುರುತಿಸಿದ ಇಪ್ಪತ್ತರಲ್ಲಿ ಎಂಟು ಸರಿ, ಅಂದರೆ ಶೇಕಡ 40. ಇಲ್ಲಿ ಪುನರಾವರ್ತನೆಯ ಪ್ರಶ್ನೆಯೇ ಇಲ್ಲ, ಪ್ರಿಸಿಷನ್ ಕೂಡ ನಿಜದ ಜೊತೆಗಿನ ಹೋಲಿಕೆಯೇ ಆಗಿಬಿಟ್ಟಿದೆ. ಭೌತಶಾಸ್ತ್ರದಿಂದ ಈ ಕ್ಷೇತ್ರಕ್ಕೆ ಬಂದವರು ಇಲ್ಲಿ ಎಡವುವುದು ಸಹಜ. ಓದುವಾಗ ಯಾವ ಮನೆಯ ಮಾತು ಎಂದು ನೋಡಿಕೊಳ್ಳುವುದೊಂದೇ ದಾರಿ.

ಕೊನೆಯದಾಗಿ, ಹೊರಗಿನ ಸಾಕ್ಷಿಗೆ ಸಾಕ್ಷಿ ಯಾರು? ಉಷ್ಣಮಾಪಕವನ್ನು ಮಂಜುಗಡ್ಡೆಯಿಂದ ಪರೀಕ್ಷಿಸಿದೆವು. ತೂಕದ ಬಟ್ಟನ್ನು ಇನ್ನೂ ಉತ್ತಮವಾದ ಬಟ್ಟಿನಿಂದ, ಅದನ್ನು ರಾಷ್ಟ್ರೀಯ ಮಾದರಿಯಿಂದ ಪರೀಕ್ಷಿಸುತ್ತಾ ಹೋದರೆ ಎಲ್ಲೋ ಒಂದೆಡೆ ಸರಪಳಿ ಮುಗಿಯಲೇಬೇಕು. ಕಿಲೋಗ್ರಾಂ ವಿಷಯದಲ್ಲಿ ಅದು ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿರುವ ಒಂದು ಲೋಹದ ಉರುಳೆಯ ಬಳಿ ಮುಗಿಯುತ್ತಿತ್ತು. ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡಿದ ಆ ಉರುಳೆಯ ದ್ರವ್ಯರಾಶಿಯೇ ಕಿಲೋಗ್ರಾಂ ಎಂದು 1889ರಿಂದ ಜಗತ್ತು ಒಪ್ಪಿಕೊಂಡಿತ್ತು. ವ್ಯಾಖ್ಯೆಯೇ ಹಾಗಿದ್ದುದರಿಂದ ಅದು ತಪ್ಪಾಗಿರಲು ಸಾಧ್ಯವೇ ಇರಲಿಲ್ಲ. ಧೂಳು ಕೂತರೆ ಕಿಲೋಗ್ರಾಮೇ ಹೆಚ್ಚಾಯಿತು, ಸವೆದರೆ ಕಿಲೋಗ್ರಾಮೇ ಕಡಿಮೆಯಾಯಿತು. ಸುಮಾರು ನೂರು ವರ್ಷಗಳ ಬಳಿಕ ಅದನ್ನು ಅದರ ಪ್ರತಿಕೃತಿಗಳ ಜೊತೆ ಹೋಲಿಸಿದಾಗ ನಡುವೆ 50 ಮೈಕ್ರೋಗ್ರಾಂ ಮಟ್ಟದ ವ್ಯತ್ಯಾಸ ಬೆಳೆದಿತ್ತು. ವ್ಯತ್ಯಾಸವನ್ನು ಅಚ್ಚುಕಟ್ಟಾಗಿ ಅಳೆಯಬಹುದಿತ್ತು. ಯಾವುದು ಬದಲಾಯಿತು, ಮೂಲವೋ ಪ್ರತಿಗಳೋ, ಎಂದು ಕೇಳಿದರೆ ಉತ್ತರ ಕೊಡಲು ಹೊರಗೆ ಯಾವ ಸಾಕ್ಷಿಯೂ ಉಳಿದಿರಲಿಲ್ಲ.

2019ರ ಮೇ 20ರಿಂದ ಕಿಲೋಗ್ರಾಂ ಯಾವ ವಸ್ತುವಿಗೂ ಕಟ್ಟುಬಿದ್ದಿಲ್ಲ. ನಿಸರ್ಗದ ಸ್ಥಿರಾಂಕವಾದ ಪ್ಲಾಂಕ್ ಸ್ಥಿರಾಂಕಕ್ಕೆ ಒಂದು ನಿಗದಿತ ಮೌಲ್ಯ ಕೊಟ್ಟು, ಅದರಿಂದ ಕಿಲೋಗ್ರಾಂ ಅನ್ನು ಪಡೆಯುವ ವ್ಯವಸ್ಥೆ ಬಂದಿದೆ. ಸೆವ್ರ್‌ನ ಉರುಳೆ ಈಗ ಉಳಿದ ಬಟ್ಟುಗಳಂತೆ ತಾನೂ ತೂಗಿಸಿಕೊಳ್ಳಬೇಕಾದ ಬಟ್ಟು. ವ್ಯವಸ್ಥೆ ಬದಲಾದ ದಿನ ಅದರ ದ್ರವ್ಯರಾಶಿಯನ್ನು ನಮೂದಿಸಿದ್ದು ಹೀಗೆ: 1 ಕಿಲೋಗ್ರಾಂ, 10 ಮೈಕ್ರೋಗ್ರಾಂ ಆಚೀಚೆ.